ಆಗುಂಬೆ ಘಾಟಿಯಲ್ಲಿ ನನ್ನ ಎಎಂಟಿ ಕಾರು: ಗೇರ್ ಬೇಗ ಏರುತ್ತದೆ, ಇಂಜಿನ್ ಒದ್ದಾಡುತ್ತದೆ

ಈ ಕಾರು ತಗೊಂಡು ಎರಡು ಮಳೆಗಾಲ ಕಳೆಯಿತು. 1.2 ಲೀಟರ್ ಪೆಟ್ರೋಲ್ ಇಂಜಿನ್, ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬಿಸುವ ಸಾಧನ) ಇಲ್ಲ, ಐದು ಗೇರಿನ ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನೇ ಬದಲಾಗುವ ಆಟೊಮ್ಯಾಟಿಕ್. ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ಬೆಲೆಯ ಬೇರೆ ಎಎಂಟಿ ಕಾರುಗಳನ್ನೂ ಓಡಿಸಿ ನೋಡಿದ್ದೇನೆ. ಸ್ವಲ್ಪ ಹೆಚ್ಚು ಕಡಿಮೆ ಎಲ್ಲದಕ್ಕೂ ಇದೇ ಗುಣ ಇದೆ. ಹಾಗಾಗಿ ಘಟ್ಟದ ಕಡೆ ಇದ್ದುಕೊಂಡು ಆಟೊಮ್ಯಾಟಿಕ್ ತಗೊಳ್ಳಬೇಕು ಅಂತ ಯೋಚಿಸುತ್ತಿರುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ತೀರ್ಥಹಳ್ಳಿಯಲ್ಲಿ ನನ್ನದು ಬಟ್ಟೆ ಅಂಗಡಿ. ಹಿಂದೆಯೇ ಹೊಲಿಗೆ ಕೋಣೆ, ನಾಲ್ಕು ಮೆಷಿನ್. ಮಾಲು ತರುವುದು ಉಡುಪಿಯಿಂದ. ಹೋಗುವಾಗ ಗಾಡಿ ಖಾಲಿ, ಘಾಟಿ ಇಳಿಜಾರು. ಬರುವಾಗ ಹಿಂದಿನ ಸೀಟು ಮಡಚಿ ಬಟ್ಟೆಯ ಗಂಟು ತುಂಬಿರುತ್ತೇನೆ, ಘಾಟಿ ಏರು. ಅಂದರೆ ಭಾರ ಇದ್ದಾಗಲೇ ಹತ್ತಬೇಕು. ನೋಡುವುದಕ್ಕೆ ಹಗುರ ಅನ್ನಿಸಿದರೂ ಬಟ್ಟೆ ಒಳ್ಳೆ ತೂಕ ಬರುತ್ತದೆ. ಈ ಕಾರಿನ ಒಳ್ಳೆಯದು ಕೆಟ್ಟದ್ದು ಎರಡೂ ನನಗೆ ಇಷ್ಟು ಚೆನ್ನಾಗಿ ಗೊತ್ತಾಗಿದ್ದು ಈ ದಾರಿಯಿಂದಲೇ.

ಮೊದಲು ಒಳ್ಳೆಯದು ಹೇಳುತ್ತೇನೆ. ಊರೊಳಗೆ ಈ ಕಾರಿಗೆ ಸಾಟಿ ಇಲ್ಲ. ಸಂತೆ ದಿನ ಪೇಟೆಯಲ್ಲಿ ಗಾಡಿ ಅಂಗುಲ ಅಂಗುಲ ಹೋಗುವಾಗ ಕ್ಲಚ್ ತುಳಿಯುವ ಕೆಲಸ ಇಲ್ಲ. ಬ್ರೇಕ್ ಬಿಟ್ಟರೆ ತಾನೇ ಮೆಲ್ಲಗೆ ಮುಂದೆ ಹೋಗುತ್ತದೆ. ಉಡುಪಿಯ ಸಿಟಿ ಬಸ್‌ಸ್ಟ್ಯಾಂಡ್ ಹತ್ತಿರದ ಟ್ರಾಫಿಕ್‌ನಲ್ಲಿ ಮುಂಚೆ ಮಂಡಿ ನೋಯುತ್ತಿತ್ತು, ಈಗ ಇಲ್ಲ. ಸೀಟು ಎತ್ತರ, ಎದುರಿನ ರಸ್ತೆ ಚೆನ್ನಾಗಿ ಕಾಣುತ್ತದೆ. ಎಸಿ ಬೇಗ ತಂಪಾಗುತ್ತದೆ. ಮೈಲೇಜ್ ಸಮತಟ್ಟು ರಸ್ತೆಯಲ್ಲಿ 18ರ ಹತ್ತಿರ ಬರುತ್ತದೆ. ಇದರಲ್ಲಿ ನನ್ನ ತಕರಾರು ಏನೂ ಇಲ್ಲ.

ಇನ್ನು ಘಾಟಿ. ಆಗುಂಬೆ ಇರುವುದು ಸಮುದ್ರಮಟ್ಟದಿಂದ 600 ಮೀಟರ್‌ಗೂ ಮೇಲೆ. ಕೆಳಗೆ ಸೋಮೇಶ್ವರ. ನಡುವೆ 14 ಹೇರ್‌ಪಿನ್ ತಿರುವು. ಕಿರಿದಾದ ರಸ್ತೆ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಮಳೆಗಾಲದಲ್ಲಿ ಇವೆಲ್ಲದರ ಜತೆಗೆ ಮಂಜು ಬೇರೆ. ಇಲ್ಲಿ ಗಾಡಿ ಡ್ರೈವರ್ ಹೇಳಿದ ಹಾಗೆ ಕೇಳಬೇಕು. ತನಗೆ ತೋಚಿದ್ದು ಮಾಡಿದರೆ ಕಷ್ಟ.

ಡಿ ಮೋಡ್‌ನಲ್ಲಿ, ಅಂದರೆ ಗೇರ್ ಬದಲಾಯಿಸುವುದನ್ನು ಕಾರಿಗೇ ಬಿಟ್ಟು, ಹತ್ತುವಾಗ ಏನಾಗುತ್ತದೆ ಅಂತ ಒಂದು ತಿರುವಿನ ಲೆಕ್ಕದಲ್ಲಿ ಹೇಳುತ್ತೇನೆ. ತಿರುವು ಮುಗಿಯಿತು, ಸ್ಟೇರಿಂಗ್ ನೇರ ಆಯಿತು, ಎರಡನೇ ಗೇರ್‌ನಲ್ಲಿದ್ದೇನೆ. ಸ್ಪೀಡ್ 28, 30 ಬಂತು. ಆರ್‌ಪಿಎಂ ಮುಳ್ಳು (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವುದು) 2000 ದಾಟಿದೆ. ಇಂಜಿನ್ ಸುಖವಾಗಿ ಎಳೆಯುತ್ತಿದೆ. ಸ್ವಲ್ಪ ಕಾಲು ಸಡಿಲ ಮಾಡಿದೆ ಅಷ್ಟೇ, ಗೇರ್ ಬಾಕ್ಸ್ ತಟ್ಟನೆ ಮೂರಕ್ಕೆ ಏರಿಸುತ್ತದೆ. ಏರಿಸುವಾಗ ಅರೆಕ್ಷಣ ಚಕ್ರಕ್ಕೆ ಶಕ್ತಿಯೇ ಹೋಗುವುದಿಲ್ಲ, ಏರಿನಲ್ಲಿ ಅಷ್ಟರಲ್ಲೇ ಸ್ಪೀಡ್ ಇಳಿಯುತ್ತದೆ. ಮುಳ್ಳು 1400ಕ್ಕೆ, ಒಮ್ಮೊಮ್ಮೆ ಅದಕ್ಕಿಂತ ಕೆಳಗೆ ಬೀಳುತ್ತದೆ. ಆಗ ಶುರುವಾಗುತ್ತದೆ ಆ ಸದ್ದು. ಗುರ್ ಅಂತ ದಪ್ಪ ಸದ್ದು. ಡ್ಯಾಶ್‌ಬೋರ್ಡ್ ನಡುಗುತ್ತದೆ, ಗೇರ್ ಲಿವರ್ ನಡುಗುತ್ತದೆ, ಸೀಟಿನ ಕೆಳಗೂ ಗೊತ್ತಾಗುತ್ತದೆ. ರೇಸ್ ಕೊಟ್ಟರೂ ಎಳೆಯುವುದಿಲ್ಲ. ಇನ್ನೂ ಜಾಸ್ತಿ ಒತ್ತಿದರೆ ಒಂದು ಕ್ಷಣ ಯೋಚನೆ ಮಾಡಿ ಮತ್ತೆ ಎರಡಕ್ಕೆ ಇಳಿಸುತ್ತದೆ. ಅಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಹಿಂದೆ ಮಿನಿ ಬಸ್ಸಿನವರು ಹಾರ್ನ್ ಹೊಡೆಯುತ್ತಿರುತ್ತಾರೆ.

ಹೊಲಿಗೆ ಮೆಷಿನ್ ಮೋಟರ್‌ಗೂ ಇಂಥದೇ ಸದ್ದಿದೆ. ಜೀನ್ಸ್ ಪ್ಯಾಂಟಿನ ಕಾಲಿನ ಅಂಚು ಮಡಚಿ, ನಾಲ್ಕು ಪದರ ಒಟ್ಟಿಗೆ ಸೂಜಿ ಕೆಳಗೆ ಬಂದಾಗ ಪೆಡಲ್ ಮೆಲ್ಲಗೆ ಒತ್ತಿದರೆ ಮೋಟರ್ ಹೂಂಕರಿಸುತ್ತದೆ, ಸೂಜಿ ಮಾತ್ರ ಇಳಿಯುವುದಿಲ್ಲ. ಹಾಗೇ ಒತ್ತಿ ಹಿಡಿದರೆ ಮೋಟರ್ ಬಿಸಿ ಆಗುತ್ತದೆ. ನಮ್ಮ ಹುಡುಗಿಯರಿಗೆ ಅಂಥ ಕಡೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸಿ ಅಂತ ಹೇಳಿಕೊಟ್ಟಿದ್ದೇನೆ. ಆ ಸದ್ದು ಕೇಳಿ ಕೇಳಿ ಅಭ್ಯಾಸ ಇದ್ದಿದ್ದಕ್ಕೆ, ಕಾರಿನ ಇಂಜಿನ್ ಹಾಗೆ ಗುರುಗುಟ್ಟಿದಾಗ ಸುಮ್ನೆ ಇರಲು ನನ್ನಿಂದ ಆಗಲಿಲ್ಲ.

ಸರ್ವಿಸ್ ಸೆಂಟರ್‌ಗೆ ಹೋದೆ. ಅಡ್ವೈಸರ್ ಒಬ್ಬರು ನನ್ನ ಜತೆ ಒಂದು ಸುತ್ತು ಬಂದರು, ಊರೊಳಗೆ, ಸಮತಟ್ಟು ರಸ್ತೆಯಲ್ಲಿ. "ಮೇಡಂ, ಇದು ನಾರ್ಮಲ್. ಎಎಂಟಿ ಅಂದ್ರೆ ಹೀಗೇ ಇರ್ತದೆ" ಅಂದರು. ಕಂಪ್ಯೂಟರ್ ಸಿಕ್ಕಿಸಿ ನೋಡಿದರು, ಎರರ್ ಕೋಡ್ ಏನೂ ಬರಲಿಲ್ಲ. ಕ್ಲಚ್ ಹಿಡಿಯುವ ಜಾಗವನ್ನು ಗೇರ್ ಬಾಕ್ಸ್‌ನ ಕಂಪ್ಯೂಟರ್‌ಗೆ ಹೊಸದಾಗಿ ಕಲಿಸುವ ಕೆಲಸ ಮಾಡಿ ಕೊಟ್ಟರು. ಅದರಿಂದ ನಿಂತಲ್ಲಿಂದ ಹೊರಡುವಾಗ ಇದ್ದ ಜರ್ಕ್ ಹೋಯಿತು, ಅದು ನಿಜ. ಗೇರ್ ಬೇಗ ಏರುವುದು ಮಾತ್ರ ಹಾಗೇ ಉಳಿಯಿತು. ಘಾಟಿಯಲ್ಲಿ ಒಮ್ಮೆ ಬಂದು ನೋಡಿ ಅಂತ ಕೇಳಿದೆ. ಅಷ್ಟು ದೂರ ಟೆಸ್ಟ್ ಡ್ರೈವ್‌ಗೆ ಪರ್ಮಿಷನ್ ಇಲ್ಲ ಅಂದರು. ನನಗೆ ಬೇಜಾರಾಗಿದ್ದು ಇದೇ. ಮಲೆನಾಡಲ್ಲಿ ಕಾರು ಮಾರುತ್ತೀರಿ, ದೂರು ಇರುವುದು ಏರಿನಲ್ಲಿ, ಪರೀಕ್ಷೆ ಮಾತ್ರ ಸಪಾಟು ರಸ್ತೆಯಲ್ಲಿ. ಇದರಿಂದ ಗಿರಾಕಿಗೆ ಏನು ಸಿಕ್ಕ ಹಾಗಾಯಿತು?

ನಮ್ಮೂರ ಗ್ಯಾರೇಜಿನವರಿಗೆ ತೋರಿಸಿದೆ. ಅವರು ಗಂಟು ತುಂಬಿದ ಗಾಡಿಯಲ್ಲೇ ನನ್ನ ಜತೆ ಘಾಟಿ ಹತ್ತಿದರು. ಮೂರನೇ ತಿರುವು ದಾಟುವಷ್ಟರಲ್ಲಿ "ಗಾಡಿದು ಎಂತದೂ ತೊಂದ್ರೆ ಇಲ್ಲ ಮೇಡಂ. ಗೇರ್ ಬೇಗ ಏರಿಸ್ತದೆ, ಇಂಜಿನ್‌ಗೆ ದಮ್ಮು ಸಾಕಾಗುದಿಲ್ಲ. ಎಂ ಮೋಡಿಗೆ ಹಾಕಿ" ಅಂದರು. ಹಾಕಿದೆ. ಎಂ ಅಂದರೆ ಮ್ಯಾನ್ಯುಯಲ್, ಗೇರ್ ನಾವೇ ಆರಿಸುವುದು. ಲಿವರ್ ಎಡಕ್ಕೆ ತಳ್ಳಿ ಎರಡರಲ್ಲೇ ಹಿಡಿದುಕೊಂಡೆ. ಸದ್ದು ನಿಂತಿತು. ಅದೇ ಗಾಡಿ, ಅದೇ ಭಾರ. ಮುಳ್ಳು 2000ದಿಂದ 3000ದ ನಡುವೆ ಆಡುತ್ತಾ ಆರಾಮಾಗಿ ಮೇಲೆ ಬಂತು.

ಗೇರ್ ಬೇಗ ಏರಿದರೆ ಏನಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಆರ್‌ಪಿಎಂ ಕಡಿಮೆ ಇದ್ದರೆ ಇಂಜಿನ್‌ಗೆ ಒಳ್ಳೆಯದಲ್ವಾ, ಸವೆತ ಕಡಿಮೆ ಅಲ್ವಾ ಅಂತ. ಭಾರ ಇಲ್ಲದಾಗ ಅದು ಸರಿ. ಸಮತಟ್ಟು ರಸ್ತೆಯಲ್ಲಿ ಐದನೇ ಗೇರ್, 1500 ಆರ್‌ಪಿಎಂ, ಕಾಲು ಹಗುರ, ಏನೂ ಆಗುವುದಿಲ್ಲ. ಏರಿನಲ್ಲಿ ವಿಷಯ ಬೇರೆ. ನನ್ನ ಕಾರಿನಂಥ ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್‌ಗೆ ಪೂರ್ತಿ ಎಳೆಯುವ ಶಕ್ತಿ ಬರುವುದೇ 4000 ಆರ್‌ಪಿಎಂ ಸುತ್ತಮುತ್ತ. 1300, 1400ರಲ್ಲಿ ನಾವು ಪೆಡಲ್ ಪೂರ್ತಿ ಒತ್ತಿದರೆ ಸಿಲಿಂಡರ್ ತುಂಬ ಗಾಳಿ ಪೆಟ್ರೋಲ್ ಹೋಗುತ್ತದೆ. ಪಿಸ್ಟನ್ ಮಾತ್ರ ನಿಧಾನಕ್ಕೆ ಇಳಿಯುತ್ತಿರುತ್ತದೆ. ಒಳಗೆ ಒತ್ತಡ, ಬಿಸಿ ಎರಡೂ ಏರಿ, ಪ್ಲಗ್‌ನ ಕಿಡಿಯಿಂದ ಹೊರಟ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಬಹುದು. ಅದೇ ನಾಕಿಂಗ್. ಕಲ್ಲು ಡಬ್ಬಿಯಲ್ಲಿ ಅಲ್ಲಾಡಿಸಿದಂಥ ಟಿಕಟಿಕ ಸದ್ದು ಬರುತ್ತದೆ. ಈಗಿನ ಇಂಜಿನ್‌ಗಳಲ್ಲಿ ನಾಕ್ ಸೆನ್ಸರ್ ಇರುತ್ತದೆ. ಅದು ಕಿಡಿಯನ್ನು ಸ್ವಲ್ಪ ತಡ ಮಾಡಿ ಇಂಜಿನ್ ಕಾಪಾಡುತ್ತದೆ. ಆದರೆ ಕಿಡಿ ತಡವಾದರೆ ಶಕ್ತಿ ಇನ್ನೂ ಕಡಿಮೆ. ಮೊದಲೇ ಎಳೆಯದ ಗಾಡಿ ಇನ್ನೂ ಎಳೆಯುವುದಿಲ್ಲ.

ಇಂಜಿನ್ ನಿಧಾನ ತಿರುಗುವಾಗ ಆಯಿಲ್ ಪಂಪೂ ನಿಧಾನ ತಿರುಗುತ್ತದೆ. ಬೇರಿಂಗ್ ಮೇಲೆ ಭಾರ ಜಾಸ್ತಿ ಇರುವ ಹೊತ್ತಲ್ಲೇ ಆಯಿಲ್ ಒತ್ತಡ ಕಡಿಮೆ. ನಡುಕವೆಲ್ಲ ಇಂಜಿನ್ ಮೌಂಟಿಂಗ್ ರಬ್ಬರ್‌ಗೆ ಹೋಗುತ್ತದೆ. ಒಂದು ದಿನಕ್ಕೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಇದೇ ದಾರಿ ಓಡಿಸುವವರು ಲೆಕ್ಕ ಹಾಕಲೇಬೇಕು.

ಕ್ಲಚ್ ಬಗ್ಗೆಯೂ ಹೇಳಬೇಕು. ಎಎಂಟಿ ಅಂದರೆ ಬೇರೆ ಜಾತಿಯ ಗೇರ್ ಬಾಕ್ಸ್ ಏನಲ್ಲ. ಮಾಮೂಲಿ ಮ್ಯಾನ್ಯುಯಲ್ ಗೇರ್ ಬಾಕ್ಸೇ, ಮಾಮೂಲಿ ಕ್ಲಚ್ ಪ್ಲೇಟೇ. ಕ್ಲಚ್ ಒತ್ತುವ ಮತ್ತು ಗೇರ್ ಹಾಕುವ ಕೆಲಸವನ್ನು ನಮ್ಮ ಬದಲು ಕಂಪ್ಯೂಟರ್ ಹೇಳಿದಂತೆ ಆಡುವ ಒಂದು ಸಣ್ಣ ಯಂತ್ರ (ಆಕ್ಚುಯೇಟರ್) ಮಾಡುತ್ತದೆ. 2014ರಲ್ಲಿ ಮಾರುತಿಯ ಸೆಲೆರಿಯೊ ಕಾರಿನ ಜತೆ ಇದು ನಮ್ಮಲ್ಲಿ ಬಂದಾಗ ಕಡಿಮೆ ದುಡ್ಡಿಗೆ ಆಟೊಮ್ಯಾಟಿಕ್ ಸಿಕ್ಕಿತು ಅಂತ ಜನ ತಗೊಂಡಿದ್ದು ಇದೇ ಕಾರಣಕ್ಕೆ. ನನ್ನ ಕಾರು ಅದಲ್ಲ, ಆದರೆ ಒಳಗಿನ ಏರ್ಪಾಡು ಅದೇ ತರಹದ್ದು. ಹೇರ್‌ಪಿನ್‌ನಲ್ಲಿ ಸ್ಪೀಡ್ 10, 12ಕ್ಕೆ ಇಳಿದಾಗ ಎರಡನೇ ಗೇರೂ ದೊಡ್ಡದಾಗುತ್ತದೆ. ಡಿಯಲ್ಲಿ ಬಿಟ್ಟರೆ ಅದು ಅರೆ ಕ್ಲಚ್ ಹಿಡಿದು ಸಂಭಾಳಿಸಲು ನೋಡುತ್ತದೆ. ಒಂದು ಸಲ ಎದುರಿನಿಂದ ಬಂದ ಗಾಡಿಗೆ ದಾರಿ ಬಿಡಲು ತಿರುವಿನಲ್ಲೇ ನಿಧಾನ ಮಾಡಿದ್ದಕ್ಕೆ ಕ್ಲಚ್ ಸುಟ್ಟ ವಾಸನೆ ಒಳಗೆ ಬಂತು. ಈಗ ಅಂಥ ತಿರುವಿಗೆ ಮೊದಲೇ ಎಂನಲ್ಲಿ ಒಂದನೇ ಗೇರ್‌ಗೆ ಇಳಿಸಿಕೊಳ್ಳುತ್ತೇನೆ. ಏರಿನಲ್ಲಿ ನಿಲ್ಲಬೇಕಾಗಿ ಬಂದರೆ ರೇಸ್ ಕೊಟ್ಟು ಗಾಡಿ ಹಿಡಿದುಕೊಳ್ಳಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ.

ಕಂಪನಿಯವರು ಹೀಗೆ ಯಾಕೆ ಸೆಟ್ ಮಾಡಿದ್ದಾರೆ? ಮೈಲೇಜ್‌ಗೆ. ಒಂದೇ ಸ್ಪೀಡ್‌ನಲ್ಲಿ ಹೋಗಲು ಮೇಲಿನ ಗೇರ್‌ನಲ್ಲಿ ಪೆಟ್ರೋಲ್ ಕಡಿಮೆ ಬೇಕು. ನಮ್ಮ ದೇಶದಲ್ಲಿ ಮೈಲೇಜ್ ಅಳೆಯುವುದು ರೋಲರ್ ಮೇಲೆ ಕಾರು ಓಡಿಸಿ. ಅಲ್ಲಿ ಸ್ಪೀಡ್ 90 ದಾಟುವುದಿಲ್ಲ, ಘಟ್ಟದ ಏರು ಇರುವುದಿಲ್ಲ, ಬಟ್ಟೆ ಗಂಟೂ ಇರುವುದಿಲ್ಲ. ಶೋರೂಮ್‌ನಲ್ಲಿ ಎಲ್ಲರೂ ಮೊದಲು ಕೇಳುವುದು "ಎಷ್ಟು ಕೊಡುತ್ತೆ" ಅಂತ. ಹಾಗಾಗಿ ಆ ನಂಬರ್‌ಗೆ ತಕ್ಕಂತೆ ಗೇರ್ ಬೇಗ ಏರಿಸುತ್ತಾರೆ. ಆದರೆ ನನ್ನ ದಾರಿಯಲ್ಲಿ ಆ ಲಾಭವೂ ಇಲ್ಲ. ಡಿಯಲ್ಲಿ ಮೂರು, ಎರಡು, ಮೂರು ಅಂತ ಒದ್ದಾಡುತ್ತಾ ಹತ್ತಿದಾಗಲೂ, ಎಂನಲ್ಲಿ ಎರಡರಲ್ಲೇ ನೆಮ್ಮದಿಯಾಗಿ ಹತ್ತಿದಾಗಲೂ ಮೈಲೇಜ್ ಮೀಟರ್ ತೋರಿಸುವುದು ಹೆಚ್ಚು ಕಡಿಮೆ ಒಂದೇ. ಪೆಟ್ರೋಲ್ ಉಳಿಯಲಿಲ್ಲ, ಇಂಜಿನ್‌ಗೆ ಶ್ರಮ ಮಾತ್ರ ಆಯಿತು.

ಇದಕ್ಕೆ ಪರಿಹಾರ ಏನೂ ಇಲ್ಲ ಅಂತಲ್ಲ. ಕೆಲವು ದುಬಾರಿ ಆಟೊಮ್ಯಾಟಿಕ್‌ಗಳು ಏರು ಬಂದಿದ್ದು ತಾವೇ ತಿಳಿದುಕೊಂಡು ಕೆಳಗಿನ ಗೇರ್ ಹಿಡಿದುಕೊಳ್ಳುತ್ತವೆ. ರೇಸ್ ಎಷ್ಟು ಕೊಟ್ಟಿದ್ದೇವೆ, ಸ್ಪೀಡ್ ಎಷ್ಟು ಏರಿತು, ಇವೆರಡನ್ನು ಹೋಲಿಸಿದರೂ ಏರು ಅಂತ ಗೊತ್ತಾಗುತ್ತದೆ. ಈ ಎರಡೂ ಲೆಕ್ಕ ನನ್ನ ಕಾರಿನ ಕಂಪ್ಯೂಟರ್‌ನಲ್ಲೂ ಇದೆ. ಒಂದು ಬಟನ್ ಕೊಟ್ಟು, ಒತ್ತಿದಾಗ ಗೇರ್ 500 ಆರ್‌ಪಿಎಂ ತಡವಾಗಿ ಏರುವ ಹಾಗೆ ಮಾಡಿದರೂ ನನಗೆ ಸಾಕಿತ್ತು.

ಇಳಿಯುವಾಗಲೂ ಇದೇ ಕಥೆ, ಅಪಾಯ ಮಾತ್ರ ಬೇರೆ. ರೇಸ್‌ನಿಂದ ಕಾಲು ತೆಗೆದ ಕೂಡಲೇ ಡಿಯಲ್ಲಿ ಗೇರ್ ಮೇಲೇರುತ್ತದೆ. ಇಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಎಲ್ಲ ಭಾರ ಬ್ರೇಕ್ ಮೇಲೆ. 14 ತಿರುವೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ತುಂಬ ಬಿಸಿ ಆಗುತ್ತದೆ. ಆಗುಂಬೆಯ ಸೂರ್ಯಾಸ್ತ ನೋಡುವ ಜಾಗ ದಾಟಿದ ಕೂಡಲೇ ನಾನು ಎಂಗೆ ಹಾಕಿ ಎರಡಕ್ಕೆ ಇಳಿಸುತ್ತೇನೆ. ಕೆಳಗೆ ಸೋಮೇಶ್ವರ ಬರುವ ತನಕ ತೆಗೆಯುವುದಿಲ್ಲ.

ನಮ್ಮ ಭಾವ ಈಗ ಟರ್ಬೊ ಪೆಟ್ರೋಲ್ ಆಟೊಮ್ಯಾಟಿಕ್ ನೋಡುತ್ತಿದ್ದಾರೆ. ಟರ್ಬೊಗೆ ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಚೆನ್ನಾಗಿರುತ್ತದೆ, ಈ ಒದ್ದಾಟ ಕಡಿಮೆ. ಆದರೆ ನೇರವಾಗಿ ಸಿಲಿಂಡರ್‌ಗೆ ಪೆಟ್ರೋಲ್ ಸಿಂಪಡಿಸುವ ಟರ್ಬೊ ಇಂಜಿನ್‌ಗೆ ಕಡಿಮೆ ಆರ್‌ಪಿಎಂನಲ್ಲಿ ಜಾಸ್ತಿ ಭಾರ ಬಿದ್ದರೆ ಕಿಡಿಗೂ ಮೊದಲೇ ಜೋರಾಗಿ ಹೊತ್ತಿಕೊಳ್ಳುವ ತೊಂದರೆ ಇದೆ. ಪಿಸ್ಟನ್ನೇ ಒಡೆಯಬಹುದು. ಅದನ್ನು ತಡೆಯಲೂ ನೆರವಾಗುವ ಹಾಗೆ 2020ರಿಂದ ಎಪಿಐ ಎಸ್‌ಪಿ ಅನ್ನುವ ದರ್ಜೆಯ ಆಯಿಲ್ ಬಂದಿದೆ. ಹಾಗಾಗಿ ಅಂಥ ಕಾರಿಗೆ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಯಾವುದೋ ಆಯಿಲ್ ಹಾಕಿಸಬೇಡಿ, ಪುಸ್ತಕದಲ್ಲಿ ಬರೆದಿದ್ದನ್ನೇ ಹಾಕಿಸಿ ಅಂತ ಭಾವನಿಗೆ ಹೇಳಿದ್ದೇನೆ.

ಒಟ್ಟಿಗೆ ನಂಬರ್ ಕೊಡು ಅಂದರೆ, ಪೇಟೆಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಘಾಟಿಗೆ, ಡಿ ಮೋಡ್‌ನಲ್ಲಿ, ಎರಡು. ಎಂ ಮೋಡ್ ಇದ್ದಿದ್ದರಿಂದ ಕಾರು ಮಾರುವ ಯೋಚನೆ ಬಂದಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಓಡಿಸುವವರು ಕಣ್ಣುಮುಚ್ಚಿ ತಗೊಳ್ಳಿ. ನಮ್ಮ ಕಡೆಯವರು, ಸಕಲೇಶಪುರ, ಕೊಟ್ಟಿಗೆಹಾರ, ಮಡಿಕೇರಿ ಕಡೆಯವರು, ಶೋರೂಮ್‌ನವರು ಎಷ್ಟೇ ಅವಸರ ಮಾಡಿದರೂ ದುಡ್ಡು ಕೊಡುವ ಮೊದಲು ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿಕೊಂಡು, ಹತ್ತಿರದ ಒಂದು ನಿಜವಾದ ಏರು ಹತ್ತಿಸಿ ನೋಡಿ. ರೇಡಿಯೊ ಬಂದ್ ಮಾಡಿ. 25ರಿಂದ 35 ಸ್ಪೀಡ್‌ನಲ್ಲಿ ಗೇರ್ ಯಾವಾಗ ಏರುತ್ತದೆ, ಏರಿದ ಮೇಲೆ ಮುಳ್ಳು ಎಲ್ಲಿ ಬಂದು ನಿಲ್ಲುತ್ತದೆ ಅಂತ ಗಮನಿಸಿ. ಏರು ರಸ್ತೆಗೆ ಬರಲ್ಲ ಅಂತ ಶೋರೂಮ್‌ನವರು ಹೇಳಿದರೆ ಆ ಶೋರೂಮ್ ಬಿಟ್ಟು ಇನ್ನೊಂದಕ್ಕೆ ಹೋಗಿ.