ನಿಂತಲ್ಲಿ ಆಫ್ ಆಗುವ ಹಳೆಯ ಕಾರು: ಸ್ಕ್ಯಾನರ್, ವ್ಯಾಕ್ಯೂಮ್ ಗೇಜ್ ಮತ್ತು ಮೇಸ್ತ್ರಿಯ ಕಿವಿ

ಹಳೆಯ ಪೆಟ್ರೋಲ್ ಕಾರೊಂದು ರಸ್ತೆಯಲ್ಲಿ ಓಡುವಾಗ ಚೆನ್ನಾಗಿಯೇ ಇದ್ದು, ಸಿಗ್ನಲ್ಲಿನಲ್ಲೋ ರೈಲ್ವೆ ಗೇಟಿನಲ್ಲೋ ನಿಂತ ಕೂಡಲೇ ನಡುಗತೊಡಗಿ, ಆರ್‌ಪಿಎಂ ಮುಳ್ಳು ಏರಿಳಿದು, ಕೊನೆಗೆ ಆಫ್ ಆಗಿಬಿಡುವ ತೊಂದರೆಗೆ ಕಾರಣ ಹುಡುಕಲು ಬಳ್ಳಾರಿಯಂಥ ಊರಿನಲ್ಲಿ ನಮ್ಮ ಮುಂದಿರುವ ದಾರಿಗಳು ಕೆಲವೇ. ಕಾರಿನ ಸ್ವಯಂ ತಪಾಸಣಾ ವ್ಯವಸ್ಥೆಯನ್ನು (ಒಬಿಡಿ) ಓದಲು ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಸ್ಕ್ಯಾನರ್ ಒಂದು. ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಪೈಪಿಗೆ ಸಿಕ್ಕಿಸಿ ಒಳಗಿನ ನಿರ್ವಾತವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಇನ್ನೊಂದು. ಅನುಭವಿ ಮೇಸ್ತ್ರಿಯ ಕೈ ಮತ್ತು ಕಿವಿ ಮೂರನೆಯದು. ಅನುಮಾನ ಬಂದ ಭಾಗವನ್ನು ಬದಲಿಸುತ್ತ ಹೋಗುವುದು ಕೊನೆಯದು. ಇವೆಲ್ಲವನ್ನೂ ಎರಡು ಕಾರುಗಳ ಮೇಲೆ ಪ್ರಯೋಗಿಸಿ ನೋಡಿದ್ದೇನೆ. ಒಂದು, ಕಂಪ್ಯೂಟರಿನ ಹಿಡಿತದಲ್ಲಿ ಸಿಲಿಂಡರಿಗೊಂದರಂತೆ ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ನನ್ನ ನಾಲ್ಕು ಸಿಲಿಂಡರಿನ ಎಂಪಿಎಫ್‌ಐ ಕಾರು, ಇನ್ನೊಂದು ಗಂಗಾವತಿಯಲ್ಲಿರುವ ನಮ್ಮ ಸೋದರಮಾವನವರ ಕಾರ್ಬುರೇಟರ್ ಕಾಲದ ಕಾರು. ನಿಂತಾಗ ನಡುಗುವ ಹಳೆಯ ಕಾರಿಗೆ ಮೊದಲು ಹಚ್ಚಬೇಕಾದದ್ದು ವ್ಯಾಕ್ಯೂಮ್ ಗೇಜ್, ಸ್ಕ್ಯಾನರ್ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಬಿಸಿಯಾದ ಮೇಲೆ ಒಮ್ಮೆಲೇ ಬಂದ್ ಬೀಳುವ ಕಾರಿನ ವಿಷಯದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ.

ಸ್ಕ್ಯಾನರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ. ಆನ್‌ಲೈನಿನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ ಈ ಸಾಧನ ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಕೂತರೆ ಎಂಜಿನ್ ಕಂಪ್ಯೂಟರು ಏನನ್ನು ನೋಡುತ್ತಿದೆ ಎಂಬುದನ್ನು ನಮಗೂ ತೋರಿಸುತ್ತದೆ. ನಮ್ಮ ದೇಶದಲ್ಲಿ ಕಾರುಗಳಿಗೆ ಒಬಿಡಿ ಕಡ್ಡಾಯವಾದದ್ದು 2010ರಿಂದ, ಒಬಿಡಿ-2 ಬಂದದ್ದು 2013ರಲ್ಲಿ. ಅದಕ್ಕೂ ಹಿಂದಿನ ಕಾರುಗಳಲ್ಲಿ ಸಾಕೆಟ್ ಇದ್ದರೂ ಅಗ್ಗದ ಸ್ಕ್ಯಾನರು ಅದರೊಡನೆ ಮಾತಾಡುತ್ತದೆ ಎಂಬ ಖಾತರಿಯಿಲ್ಲ. ನನ್ನ ಕಾರಿನಲ್ಲಿ ಸಂಪರ್ಕ ಸಿಕ್ಕಿತು. ಆದರೆ ಎಂಜಿನ್ ಕುಲುಕಾಡುತ್ತಿದ್ದರೂ ಒಂದೇ ಒಂದು ದೋಷದ ಕೋಡ್ ದಾಖಲಾಗಿರಲಿಲ್ಲ. ಫ್ಯೂಯಲ್ ಟ್ರಿಮ್ (ಪೆಟ್ರೋಲಿನ ಪ್ರಮಾಣಕ್ಕೆ ಕಂಪ್ಯೂಟರು ಮಾಡಿಕೊಳ್ಳುವ ತಿದ್ದುಪಡಿ) ಕೂಡ ಹೆಚ್ಚುಕಡಿಮೆ ಸಹಜವಾಗಿಯೇ ಇತ್ತು. ಪಾರ್ಕಿಂಗಿನಲ್ಲಿ ನಿಂತ ಕಾರು ಎದ್ದುಕಾಣುವಂತೆ ನಡುಗುತ್ತಿರುವಾಗ ಪರದೆಯ ಮೇಲೆ ಎಲ್ಲವೂ ಸರಿಯಿದೆ ಎಂದು ಬರುವುದಕ್ಕೆ ಕಾರಣವಿದೆ, ಮತ್ತು ಈ ಹೋಲಿಕೆಯ ತಿರುಳೇ ಅದು.

ನಮ್ಮ ಬಹುಪಾಲು ಹಳೆಯ ಸಣ್ಣ ಕಾರುಗಳಲ್ಲಿ ಒಳಹೋಗುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಇರುವುದಿಲ್ಲ. ಮ್ಯಾನಿಫೋಲ್ಡಿನೊಳಗಿನ ಒತ್ತಡವನ್ನು ಮ್ಯಾಪ್ ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರು ಅದರಿಂದ ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕಿ ಪೆಟ್ರೋಲ್ ಬಿಡುತ್ತದೆ. ಎಲ್ಲೋ ಒಂದು ರಬ್ಬರ್ ಪೈಪು ಸೀಳಿ ಹೊರಗಿನ ಗಾಳಿ ಒಳನುಗ್ಗಿದರೆ ಮ್ಯಾನಿಫೋಲ್ಡಿನ ಒತ್ತಡ ಏರುತ್ತದೆ. ಎಂಜಿನ್ನಿನ ಮೇಲೆ ಹೊರೆ ಬಿದ್ದಿದೆ ಎಂದು ಬಗೆದ ಕಂಪ್ಯೂಟರು ಅದಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಹೆಚ್ಚಿಸುತ್ತದೆ. ಹೀಗಾಗಿ ಮಿಶ್ರಣ ಕೆಡುವುದಿಲ್ಲ, ಕೋಡ್ ಬೀಳುವುದಿಲ್ಲ. ಗಾಳಿಯನ್ನು ನೇರವಾಗಿ ಅಳೆಯುವ ಕಾರುಗಳಲ್ಲಾದರೆ ಇದೇ ಸೋರಿಕೆಯಿಂದ ಟ್ರಿಮ್ ಐಡ್ಲಿಂಗಿನಲ್ಲಿ (ರೇಸ್ ಕೊಡದೆ ಎಂಜಿನ್ ಓಡುವಾಗ) ಮೇಲೇರಿ, 2500 ಆರ್‌ಪಿಎಂಗೆ ಇಳಿಯುತ್ತದೆ. ಅಂಥ ಕಾರಿಗೆ ಸ್ಕ್ಯಾನರ್ ಒಳ್ಳೆಯ ಸಾಕ್ಷಿ. ಇನ್ನು ಸೋರಿಕೆ ಒಂದೇ ಸಿಲಿಂಡರಿನ ಬಾಯಿಯಲ್ಲಿದ್ದರಂತೂ ಆ ಸಿಲಿಂಡರ್ ಮಾತ್ರ ಪೆಟ್ರೋಲ್ ಸಾಲದೆ ಮಿಸ್ ಹೊಡೆಯುತ್ತದೆ, ಉಳಿದವು ತುಸು ಹೆಚ್ಚೇ ಕುಡಿಯುತ್ತವೆ, ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರಿಗೆ ಕಾಣುವುದು ಇವೆಲ್ಲದರ ಸರಾಸರಿ ಮಾತ್ರ.

ಈಗಿನ ಪೆಟ್ರೋಲಿನ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಬರೀ ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಇ20ಗೆ ಸುಮಾರು 13.5 ಸಾಕು. ಆದ್ದರಿಂದ ಹಳೆಯ ಕಾರಿನಲ್ಲಿ ಲಾಂಗ್ ಟರ್ಮ್ ಟ್ರಿಮ್ (ದೀರ್ಘಾವಧಿಯ ತಿದ್ದುಪಡಿ) ತುಸು ಪ್ಲಸ್ ಕಡೆ, ಅಂದರೆ ಪೆಟ್ರೋಲ್ ಹೆಚ್ಚಿಸುವ ಕಡೆ, ಇದ್ದ ಮಾತ್ರಕ್ಕೆ ಫ್ಯೂಯಲ್ ಪಂಪನ್ನೋ ಆಕ್ಸಿಜನ್ ಸೆನ್ಸರನ್ನೋ ದೂರುವುದು ಸರಿಯಲ್ಲ.

ವ್ಯಾಕ್ಯೂಮ್ ಗೇಜಿನ ಬೆಲೆಯೇನೂ ಸ್ಕ್ಯಾನರಿಗಿಂತ ಬಹಳ ಹೆಚ್ಚಲ್ಲ. ಆಕ್ಸಿಲರೇಟರಿಗೆ ತಕ್ಕಂತೆ ಗಾಳಿ ಬಿಡುವ ಥ್ರಾಟಲ್ ಬಾಡಿಯನ್ನು ದಾಟಿದ ಮೇಲೆ, ಮ್ಯಾನಿಫೋಲ್ಡಿನಿಂದ ಹೊರಡುವ ಯಾವುದಾದರೂ ಸಣ್ಣ ಪೈಪಿಗೆ ಟಿ ಜೋಡಿಸಿ ಇದನ್ನು ಸಿಕ್ಕಿಸಬೇಕು. ಬಿಸಿಯಾದ ಆರೋಗ್ಯವಂತ ಎಂಜಿನ್ ಸಮುದ್ರಮಟ್ಟದಲ್ಲಿ 17ರಿಂದ 21 ಇಂಚು (ಪಾದರಸದ ಅಳತೆಯಲ್ಲಿ) ತೋರಿಸುತ್ತದೆ ಎಂದು ಹೇಳುತ್ತಾರೆ. ಎತ್ತರ ಪ್ರತಿ ಸಾವಿರ ಅಡಿ ಹೆಚ್ಚಿದಂತೆ ಅದರಲ್ಲಿ ಸುಮಾರು ಒಂದು ಇಂಚು ಕಳೆಯಬೇಕು. ಬಳ್ಳಾರಿ 500 ಮೀಟರಿಗೆ ತುಸು ಕಡಿಮೆ ಎತ್ತರದಲ್ಲಿರುವುದರಿಂದ ಇಲ್ಲಿ ಹದಿನಾರರಿಂದ ಹತ್ತೊಂಬತ್ತರ ನಡುವೆ ಮುಳ್ಳು ಅಲುಗಾಡದೆ ನಿಂತರೆ ಚಿಂತೆಯಿಲ್ಲ. ಇದೇ ಲೆಕ್ಕದಿಂದ ಮ್ಯಾಪ್ ಸೆನ್ಸರನ್ನೂ ಪರೀಕ್ಷಿಸಬಹುದು: ಕೀ ಆನ್ ಮಾಡಿ ಎಂಜಿನ್ ಚಾಲೂ ಮಾಡದೆ ಸ್ಕ್ಯಾನರಿನಲ್ಲಿ ನೋಡಿದರೆ, ಆಗ ಮ್ಯಾನಿಫೋಲ್ಡಿನಲ್ಲೂ ಹೊರಗಿನ ಗಾಳಿಯ ಒತ್ತಡವೇ ಇರುವುದರಿಂದ, ನಮ್ಮೂರಿನಲ್ಲಿ ಸುಮಾರು 95 ಕಿಲೋಪಾಸ್ಕಲ್ ಬರಬೇಕು.

ಮುಳ್ಳು ಎಲ್ಲಿ ನಿಂತಿದೆ ಎನ್ನುವುದಕ್ಕಿಂತ ಹೇಗೆ ಅಲುಗುತ್ತಿದೆ ಎನ್ನುವುದರಲ್ಲಿ ಹೆಚ್ಚಿನ ಸುದ್ದಿಯಿರುತ್ತದೆ. ಮುಳ್ಳು ಕಡಿಮೆ ಅಂಕೆಯಲ್ಲಿ ಅಲುಗದೆ ನಿಂತರೆ ದೊಡ್ಡ ಪೈಪೊಂದರ ಸೋರಿಕೆ, ಇಲ್ಲವೇ ಟೈಮಿಂಗ್ (ಸ್ಪಾರ್ಕ್ ಅಥವಾ ವಾಲ್ವಿನ ಸಮಯ) ತಡವಾಗಿರುವುದು. ಒಂದೇ ಲಯದಲ್ಲಿ ಎರಡು-ನಾಲ್ಕು ಇಂಚು ಬಿದ್ದು ಏಳುತ್ತಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎಂದು ಶಂಕಿಸಿ ಕಂಪ್ರೆಶನ್ ನೋಡಿಸಬೇಕು. ಆಗೊಮ್ಮೆ ಈಗೊಮ್ಮೆ ಲಯವಿಲ್ಲದೆ ಚಟ್ಟನೆ ಕೆಳಗೆ ಜಿಗಿದರೆ ಪ್ಲಗ್ಗು, ವೈರು, ಕಾಯಿಲ್‌ಗಳ ಕಡೆ ಹೋಗಬೇಕು. ನನ್ನ ಕಾರಿನ ಮುಳ್ಳು ಸಹಜಕ್ಕಿಂತ ಮೂರು-ನಾಲ್ಕು ಇಂಚು ಕೆಳಗಿದ್ದು ಅಲ್ಲೇ ಪಟಪಟನೆ ನಡುಗುತ್ತಿತ್ತು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಒಂದು ಪೋರ್ಟಿನಲ್ಲಿ (ಸಿಲಿಂಡರಿಗೆ ಗಾಳಿ ಹೋಗುವ ಬಾಯಿಯಲ್ಲಿ) ಸೋರುತ್ತಿರುವುದಕ್ಕೆ, ಇಲ್ಲವೇ ಒಂದು ಇಂಜೆಕ್ಟರ್ ಕೈಕೊಟ್ಟಿರುವುದಕ್ಕೆ ಇದು ಲಕ್ಷಣ.

ಸ್ಕ್ಯಾನರಿನಲ್ಲೂ ಮ್ಯಾಪ್ ಒತ್ತಡ ಕಾಣುತ್ತದೆಯಲ್ಲ, ಗೇಜ್ ಯಾತಕ್ಕೆ ಎಂದು ಕೇಳುವವರಿದ್ದಾರೆ. ನಾಲ್ಕು ಸಿಲಿಂಡರಿನ ಎಂಜಿನ್ 800 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 27 ಬಾರಿ ಗಾಳಿ ಎಳೆದುಕೊಳ್ಳುತ್ತದೆ, ಅಂದರೆ ಒಂದೊಂದು ಸಿಲಿಂಡರಿನ ಪಾಲಿಗೆ ಆರೇಳು ಬಾರಿ. ಹಳೆಯ ಕಾರಿನ ನಿಧಾನಗತಿಯ ಸಂಪರ್ಕದಲ್ಲಿ ಅಗ್ಗದ ಸ್ಕ್ಯಾನರು ಸೆಕೆಂಡಿಗೆ ಎರಡು ಮೂರು ಅಂಕೆಗಳನ್ನು ತಂದರೆ ಹೆಚ್ಚು. ಒಂದು ಸಿಲಿಂಡರ್ ತಪ್ಪುತ್ತಿರುವ ನಡುಕ ಆ ಅಂಕೆಗಳ ಸಂದಿಯಲ್ಲಿ ಕಳೆದುಹೋಗುತ್ತದೆ, ಮುಳ್ಳಿನಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ.

ಆದರೂ ಗೇಜ್ ಹೇಳಿದ್ದು ಎಲ್ಲೋ ಒಂದು ಪೋರ್ಟಿನಲ್ಲಿ ಸೋರಿಕೆ, ಇಲ್ಲವೇ ಒಂದು ಇಂಜೆಕ್ಟರಿನ ದೋಷ ಎಂದಷ್ಟೇ. ಯಾವುದರಲ್ಲಿ ಎಂದು ತೋರಿಸಿಕೊಟ್ಟವರು ಕೌಲ್ ಬಜಾರಿನ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ತುದಿಯನ್ನು ಒಂದೊಂದೇ ಇಂಜೆಕ್ಟರಿನ ಮೇಲಿಟ್ಟು, ನಾಲ್ಕೂ ಟಿಕ್ ಟಿಕ್ ಎನ್ನುತ್ತಿರುವುದನ್ನು ಅವರು ಮೊದಲು ಖಚಿತಪಡಿಸಿಕೊಂಡರು. ಆಮೇಲೆ ಇಂಜೆಕ್ಟರುಗಳ ಕನೆಕ್ಟರನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹಾಕಿದರು. ಒಂದನ್ನು, ಎರಡನ್ನು, ನಾಲ್ಕನ್ನು ಬಿಚ್ಚಿದಾಗ ಎಂಜಿನ್ ಕುಸಿಯಿತು. ಮೂರನೆಯದನ್ನು ಬಿಚ್ಚಿದಾಗ ಸದ್ದಿನಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. “ಗಾಳಿ ಕಳ್ಳದಾರಿಯಾಗ ಹೊಕ್ಕೊಂಡೈತಿ ಸರ, ಕಂಪ್ಯೂಟರಿಗೆ ಅದು ಗೊತ್ತಾಗವಲ್ದು” ಎಂದು ಹೇಳಿ, ಸಣ್ಣ ಸ್ಪ್ರೇ ಬಾಟಲಿಯಿಂದ ಮೂರನೆಯ ಇಂಜೆಕ್ಟರಿನ ಬುಡಕ್ಕೆ ನೀರು ಚಿಮುಕಿಸಿದರು. ಕ್ಷಣಹೊತ್ತು ನಡುಕ ನಿಂತು ಎಂಜಿನ್ ನಯವಾಯಿತು, ನೀರು ಒಳಗೆ ಎಳೆದುಹೋದ ಮೇಲೆ ಮತ್ತೆ ಶುರುವಾಯಿತು. ಬಿಚ್ಚಿ ನೋಡಿದಾಗ ಇಂಜೆಕ್ಟರಿನ ಕೆಳಗಿನ ರಬ್ಬರ್ ರಿಂಗು ಒಣಗಿ, ಉಗುರಿನಿಂದ ಒತ್ತಿದರೂ ಬಗ್ಗದಷ್ಟು ಗಟ್ಟಿಯಾಗಿತ್ತು. ನಾಲ್ಕಕ್ಕೂ ಹೊಸ ರಿಂಗ್ ಹಾಕಿಸಿದ ಮೇಲೆ ಗೇಜಿನ ಮುಳ್ಳು ಮೇಲೇರಿ ನೆಟ್ಟಗೆ ನಿಂತಿತು.

ಮೇಸ್ತ್ರಿಯ ಈ ವಿಧಾನದಲ್ಲಿ ನಾನು ತುಂಬ ಮೆಚ್ಚಿದ್ದು ಅವರು ಪ್ಲಗ್ಗಿನ ವೈರನ್ನು ಕೀಳದೆ ಇಂಜೆಕ್ಟರಿನ ಕನೆಕ್ಟರನ್ನು ಬಿಚ್ಚಿದ್ದನ್ನು. ಚಾಲೂ ಇರುವ ಎಂಜಿನ್ನಿನಲ್ಲಿ ಪ್ಲಗ್ ವೈರ್ ಕಿತ್ತು ನೋಡುವುದು ನಮ್ಮ ಕಡೆ ಈಗಲೂ ರೂಢಿಯಲ್ಲಿದೆ. ಕಾರ್ಬುರೇಟರ್ ಕಾಲಕ್ಕೆ ಅದು ನಡೆಯುತ್ತಿತ್ತು. ಎಂಪಿಎಫ್‌ಐ ಕಾರಿನಲ್ಲಿ ಹಾಗೆ ಮಾಡಿದರೆ ಕಾಯಿಲ್ ಸುಡಬಹುದು, ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಕೆಡಿಸಬಹುದು. ಸೋರಿಕೆ ಹುಡುಕಲು ನೀರಿನ ಬದಲು ಕಾರ್ಬುರೇಟರ್ ಕ್ಲೀನರ್ ಹೊಡೆಯುವವರೂ ಇದ್ದಾರೆ, ಅದರಿಂದ ಆರ್‌ಪಿಎಂ ಬದಲಾಗುವುದು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ; ಆದರೆ ಅದು ಬೆಂಕಿ ಹಿಡಿಯುವ ದ್ರವ, ಕಾದ ಎಕ್ಸಾಸ್ಟ್ ಪಕ್ಕದಲ್ಲಿ ಅದನ್ನು ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಬಿಸಿಯಾದಾಗ ಬಂದ್ ಬೀಳುವ ತೊಂದರೆಗೆ ಗೇಜಿನಿಂದ ಏನೂ ಉಪಯೋಗವಾಗುವುದಿಲ್ಲ, ಏಕೆಂದರೆ ಅಲ್ಲಿ ಎಂಜಿನ್ ನಡುಗುವುದೇ ಇಲ್ಲ. ಚೆನ್ನಾಗಿ ಓಡುತ್ತಿದ್ದದ್ದು ಸ್ವಿಚ್ ಒತ್ತಿದಂತೆ ನಿಲ್ಲುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ, ಬಿಸಿಲು 40 ಡಿಗ್ರಿ ದಾಟಿದಾಗ, ಸಿರುಗುಪ್ಪ ರಸ್ತೆಯಲ್ಲಿ ನನ್ನ ಕಾರು ಹೀಗೆ ನಿಂತು, ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತಿತ್ತು. ಇಲ್ಲಿ ಸ್ಕ್ಯಾನರ್ ತನ್ನ ಬೆಲೆಯನ್ನು ಒಂದೇ ಏಟಿಗೆ ತೀರಿಸಿತು. ನಿಂತ ಕೂಡಲೇ ಅದನ್ನು ಜೋಡಿಸಿ ಸೆಲ್ಫ್ ಹೊಡೆದಾಗ ಎಂಜಿನ್ ತಿರುಗುತ್ತಿದ್ದರೂ ಪರದೆಯ ಮೇಲೆ ಆರ್‌ಪಿಎಂ ಸೊನ್ನೆಯೇ ಇತ್ತು. ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನಿಂದ ಸಿಗ್ನಲ್ ಬಾರದಿದ್ದರೆ ಕಂಪ್ಯೂಟರಿನ ಲೆಕ್ಕದಲ್ಲಿ ಎಂಜಿನ್ ತಿರುಗುತ್ತಲೇ ಇಲ್ಲ, ಆದ್ದರಿಂದ ಅದು ಸ್ಪಾರ್ಕನ್ನೂ ಪೆಟ್ರೋಲನ್ನೂ ಕೊಡುವುದಿಲ್ಲ. ಸೆನ್ಸರಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದಾಗ ಅದೇ ಪರದೆಯಲ್ಲಿ ಅಂಕೆ ಮೂಡಿತು, ಗಾಡಿ ಚಾಲೂ ಆಯಿತು. ಇಂಥ ಹೊತ್ತಿನಲ್ಲಿ ಮೇಸ್ತ್ರಿಯ ಕಿವಿಯೂ ಉಪಯೋಗಕ್ಕೆ ಬಾರದು, ಏಕೆಂದರೆ ಗ್ಯಾರೇಜಿಗೆ ಮುಟ್ಟುವಷ್ಟರಲ್ಲಿ ಎಂಜಿನ್ ತಣ್ಣಗಾಗಿ ದೋಷ ಅಡಗಿರುತ್ತದೆ. ಸ್ಕ್ಯಾನರ್ ಇಲ್ಲದವರು ಡ್ಯಾಶ್‌ಬೋರ್ಡಿನ ಟ್ಯಾಕೋಮೀಟರನ್ನಾದರೂ ಗಮನಿಸಬೇಕು. ಗೇರಿನಲ್ಲಿ ಕಾರು ಇನ್ನೂ ಉರುಳುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ ಸಂಶಯ ಕ್ರ್ಯಾಂಕ್ ಸೆನ್ಸರ್ ಅಥವಾ ಇಗ್ನಿಶನ್ ಕಡೆಗೆ. ಜಗ್ಗುತ್ತ, ಪಿಕಪ್ ಕಳೆದುಕೊಳ್ಳುತ್ತ ನಿಂತರೆ ಪೆಟ್ರೋಲಿನ ಕಡೆಗೆ.

ಮಾವನವರ ಕಾರ್ಬುರೇಟರ್ ಕಾರಿಗೆ ಸ್ಕ್ಯಾನರ್ ಹಚ್ಚಲು ಜಾಗವೇ ಇಲ್ಲದ್ದರಿಂದ ಅಲ್ಲಿ ಪೈಪೋಟಿ ಗೇಜಿಗೂ ಕಿವಿಗೂ ನಡುವೆ ಮಾತ್ರ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಆಫ್, ಚೋಕ್ ಎಳೆದರೆ ಜೀವ ಹಿಡಿಯುತ್ತಿತ್ತು. ಇದು ಐಡಲ್ ಜೆಟ್ (ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ರಂಧ್ರ) ಕಟ್ಟಿಕೊಂಡಿರುವುದಕ್ಕೆ ಎದ್ದುಕಾಣುವ ಲಕ್ಷಣ, ಯಾವ ಸಾಧನವೂ ಬೇಕಿಲ್ಲ. ಜೆಟ್ ತೊಳೆದ ಮೇಲೆ ಮಿಶ್ರಣದ ಸ್ಕ್ರೂ ಹೊಂದಿಸುವಾಗ ಮಾತ್ರ ಗೇಜ್ ಕಿವಿಯನ್ನು ಮೀರಿಸಿತು. ಮುಳ್ಳು ಅತಿ ಹೆಚ್ಚು ತೋರಿಸುವಲ್ಲಿಗೆ ಸ್ಕ್ರೂ ತಿರುಗಿಸಿ ನಿಲ್ಲಿಸಿದಾಗ ಸಿಕ್ಕ ಐಡ್ಲಿಂಗ್, ಸದ್ದು ಕೇಳಿ ಹೊಂದಿಸಿದ್ದಕ್ಕಿಂತ ಸ್ಪಷ್ಟವಾಗಿ ನಯವಾಗಿತ್ತು.

ಭಾಗ ಬದಲಿಸುತ್ತ ಹೋಗುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಲಗ್ಗು, ಏರ್ ಫಿಲ್ಟರು ಹೇಗೂ ಕಾಲಕಾಲಕ್ಕೆ ಬದಲಾಗಬೇಕಾದವು. ತೋರಣಗಲ್ಲು-ಸಂಡೂರು ಕಡೆ ಅದಿರಿನ ಕೆಂಪು ಧೂಳಿನಲ್ಲಿ ಓಡಾಡುವವರು ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ ಕಾಯದೆ ಫಿಲ್ಟರನ್ನು ಬಿಚ್ಚಿ ನೋಡುತ್ತಿರಬೇಕು. ಥ್ರಾಟಲ್ ಬಾಡಿ ಮತ್ತು ಐಡಲ್ ಕಂಟ್ರೋಲ್ ವಾಲ್ವ್‌ಗಳ ಮಸಿ ತೆಗೆಯುವುದಕ್ಕೆ ಖರ್ಚೂ ಕಡಿಮೆ. ಬ್ರೇಕ್ ಹಿಡಿದು ನಿಧಾನಿಸುವಾಗ ಅಥವಾ ಎಸಿ ಹಾಕಿದಾಗ ಮಾತ್ರ ಆಫ್ ಆಗುವ ಕಾರಿಗೆ ಅದನ್ನೇ ಮೊದಲು ಮಾಡಿಸಬಹುದು. ಆದರೆ ಸೆನ್ಸರುಗಳನ್ನು ಊಹೆಯ ಮೇಲೆ ಬದಲಿಸುವುದು ಶುದ್ಧ ಹಣದ ಪೋಲು. ಉದಾಹರಣೆಗೆ ಕೂಲಂಟ್ ಟೆಂಪರೇಚರ್ ಸೆನ್ಸರನ್ನು ಸಾಧಾರಣ ಮಲ್ಟಿಮೀಟರಿನಿಂದಲೇ ಪರೀಕ್ಷಿಸಬಹುದು: ಅನೇಕ ಕಾರುಗಳಲ್ಲಿ ಅದು 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು ತೋರಿಸುತ್ತದೆ.

ಗೇಜ್ ಹಚ್ಚಿದಾಗ ಇನ್ನೆರಡು ಪರೀಕ್ಷೆಗಳನ್ನು ಮಾಡಿಬಿಡುವುದು ಒಳ್ಳೆಯದು. ರೇಸ್ ಕೊಟ್ಟು 2500 ಆರ್‌ಪಿಎಂನಲ್ಲಿ ಸ್ವಲ್ಪ ಹೊತ್ತು ಹಿಡಿದಾಗ ಮುಳ್ಳು ನಿಧಾನವಾಗಿ ಕುಸಿಯುತ್ತ ಹೋದರೆ ಎಕ್ಸಾಸ್ಟ್ ದಾರಿ, ಸಾಮಾನ್ಯವಾಗಿ ಕ್ಯಾಟಲಿಟಿಕ್ ಕನ್ವರ್ಟರು, ಕಟ್ಟಿಕೊಂಡಿದೆ ಎಂದರ್ಥ. ಇನ್ನೊಂದು, ಐಡ್ಲಿಂಗಿನಲ್ಲಿ ಬ್ರೇಕ್ ಪೆಡಲನ್ನು ಒತ್ತಿ ಹಿಡಿಯುವುದು: ಒತ್ತಿದ ಕ್ಷಣ ಮುಳ್ಳು ತುಸು ಅಲುಗಿ ಹಿಂದಿರುಗಿದರೆ ಸರಿ, ಒತ್ತಿ ಹಿಡಿದಷ್ಟು ಹೊತ್ತೂ ಕೆಳಗೇ ನಿಂತು ಎಂಜಿನ್ ನಡುಗಿದರೆ ಪೆಡಲಿಗೆ ಬಲ ಕೊಡುವ ಬ್ರೇಕ್ ಬೂಸ್ಟರಿನ ಡಯಾಫ್ರಮ್ (ಒಳಗಿನ ರಬ್ಬರ್ ಪರದೆ) ಹರಿದಿರುವ ಸಾಧ್ಯತೆ ಇದೆ. ಅದು ಬ್ರೇಕಿಗೆ ಸಂಬಂಧಿಸಿದ ವಿಷಯವಾದ್ದರಿಂದ ಐಡ್ಲಿಂಗಿನ ತಲೆನೋವನ್ನು ಬದಿಗಿಟ್ಟು, ಅಂದೇ ರಿಪೇರಿಗೆ ಬಿಡಬೇಕು.