ಮತದಾರರ ಪಟ್ಟಿ: ಬೆಂಗಳೂರು ಉತ್ತರವೋ, ಉಡುಪಿ–ಚಿಕ್ಕಮಗಳೂರೋ?

ಹೆಬ್ಬಾಳದಲ್ಲಿ ನಿಮ್ಮ ಮನೆ, ಊರು ಶೃಂಗೇರಿಯಲ್ಲಿ ತೋಟ. ಮತದಾರರ ಪಟ್ಟಿಯಲ್ಲಿ ಹೆಸರು ಎಲ್ಲಿರಬೇಕು? ಎರಡೂ ಕಡೆ ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ.

ಬರೀ ಲೆಕ್ಕ ಹಾಕಿದರೆ ಊರಿನ ಮತವೇ ತೂಕದ್ದು. 2024ರಲ್ಲಿ ಹೆಬ್ಬಾಳ ಸೇರಿರುವ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿ ಸುಮಾರು 32 ಲಕ್ಷ ಮತದಾರರಿದ್ದರು, ಶೃಂಗೇರಿ ಸೇರಿರುವ ಉಡುಪಿ–ಚಿಕ್ಕಮಗಳೂರಿನಲ್ಲಿ ಸುಮಾರು 16 ಲಕ್ಷ. ಸಂಸದರು ಮಾತ್ರ ಎರಡೂ ಕಡೆ ಒಬ್ಬೊಬ್ಬರೇ. ಈಗಿನ ಗಡಿಗಳನ್ನು 2001ರ ಜನಗಣತಿ ನೋಡಿ ಎಳೆದು 2008ರಲ್ಲಿ ಜಾರಿಗೆ ತಂದದ್ದು. ಆಮೇಲೆ ಬ್ಯಾಟರಾಯನಪುರ, ಯಶವಂತಪುರದ ಕಡೆ ನಗರ ಉಬ್ಬಿತು, ಗೆರೆ ಅಲ್ಲೇ ಉಳಿಯಿತು.

ಊರಿನ ಕ್ಷೇತ್ರವೂ ಹಳೆಯದಲ್ಲ. ಇಂದಿರಾ ಗಾಂಧಿ 1978ರಲ್ಲಿ ಗೆದ್ದ ಚಿಕ್ಕಮಗಳೂರು ಈಗ ಉಡುಪಿಯ ಜೊತೆ ಸೇರಿದೆ. ಕಾಫಿ ತೋಟ, ಮೀನುಗಾರಿಕೆ ಎರಡಕ್ಕೂ ಒಂದೇ ದನಿ.

ಆದರೂ ನನ್ನ ಓಟು ಬೆಂಗಳೂರಿಗೆ. ವರ್ಷವಿಡೀ ಹೆಬ್ಬಾಳದ ಟ್ರಾಫಿಕ್‌ನಲ್ಲಿ ನಿಲ್ಲುವವರು ನೀವು. ಕಾನೂನು ಕೇಳುವುದೂ ಸಾಮಾನ್ಯವಾಗಿ ವಾಸಿಸುವ ಜಾಗವನ್ನೇ. ತೋಟದ ಪಹಣಿ ಅಲ್ಲಿ ಸಾಲದು. ಫಾರ್ಮ್ 8 ತುಂಬಿದರೆ ಹೆಸರು ವರ್ಗವಾಗುತ್ತದೆ.