ಹಾಸನದ ಐಇಎಲ್‌ಟಿಎಸ್ ರೀಡಿಂಗ್ ಬ್ಯಾಚ್: ಓದಿಸುವುದು ಚೆನ್ನ, ಪದಪಟ್ಟಿ ಸಾಲದು

ಐಇಎಲ್‌ಟಿಎಸ್ ಎಂದರೆ ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ; ರೀಡಿಂಗ್ ಅದರಲ್ಲಿ ಓದಿ ಉತ್ತರಿಸುವ ಭಾಗ. ಬಿ.ಎಂ. ರಸ್ತೆ ಕಡೆಯ ಈ ಕೋಚಿಂಗ್ ಸೆಂಟರ್‌ನಲ್ಲಿ ಮಾಕ್ ಟೆಸ್ಟ್ (ಅಣಕು ಪರೀಕ್ಷೆ) ನಿಜವಾದ ಪರೀಕ್ಷೆಯ ಲೆಕ್ಕದಲ್ಲೇ ನಡೆಯುತ್ತದೆ: 3 ಪ್ಯಾಸೇಜ್, 40 ಪ್ರಶ್ನೆ, 60 ನಿಮಿಷ. ಉತ್ತರಗಳನ್ನು ಉತ್ತರ ಪತ್ರಿಕೆಗೆ ಇಳಿಸಲು ಬೇರೆ ಸಮಯವಿಲ್ಲ. ನಿಜವಾದ ರೀಡಿಂಗ್‌ನಲ್ಲೂ ಇಲ್ಲ.

ಕೆಲವು ಪ್ರಶ್ನೆಗಳಲ್ಲಿ ಕೊಟ್ಟ ಹೇಳಿಕೆ ಪ್ಯಾಸೇಜಿನ ಪ್ರಕಾರ ಟ್ರೂ (ಸರಿ), ಫಾಲ್ಸ್ (ತಪ್ಪು) ಅಥವಾ ನಾಟ್ ಗಿವನ್ (ಅದರಲ್ಲಿ ಹೇಳಿಲ್ಲ) ಎಂದು ಗುರುತಿಸಬೇಕು. ಇದರಲ್ಲಿ 'ನಾಟ್ ಗಿವನ್' ಬಿಡಿಸಿ ಹೇಳುವ ರೀತಿ ಬಲು ಸೊಗಸು. ಪ್ಯಾಸೇಜಿನಲ್ಲಿ 'ಕೆಲವು ತೋಟಗಳಿಗಷ್ಟೇ ನೀರಾವರಿ' ಎಂದಿದ್ದು, ಪ್ರಶ್ನೆ 'ಎಲ್ಲ ತೋಟಗಳಿಗೂ' ಎಂದರೆ ಫಾಲ್ಸ್. 'ನೀರಾವರಿಯಿಂದ ಇಳುವರಿ ಹೆಚ್ಚಿತು' ಎಂಬ ಮಾತೇ ಪ್ಯಾಸೇಜಿನಲ್ಲಿ ಇಲ್ಲದಿದ್ದರೆ ನಾಟ್ ಗಿವನ್. ಕಾಫಿ ಸೀಮೆಯ ಮಕ್ಕಳು ತಮಗೆ ಗೊತ್ತಿರುವುದನ್ನು ಸೇರಿಸಿ ಟ್ರೂ ಹಾಕಿಬಿಡುವುದು ಇಲ್ಲೇ! ಉತ್ತರ ಬರೆಯುವ ಪ್ರಶ್ನೆಗಳಲ್ಲಿ 'ಎರಡು ಪದ ಮೀರಬಾರದು' ಎಂದಿದ್ದಾಗ 'ದ ಕಾಫಿ ಬೆರ್ರಿ' ಎಂದು ಬರೆದರೆ ಮೂರಾಯಿತು, ಅಂಕ ಹೋಯಿತು. ಸ್ಪೆಲಿಂಗ್ ತಪ್ಪಿದರೂ ಅಷ್ಟೇ. ಇದನ್ನೆಲ್ಲ ಉತ್ತರ ಪತ್ರಿಕೆ ಹಿಡಿದು ತೋರಿಸುತ್ತಾರೆ.

ಪದಗಳ ಪಾಠ ಮಾತ್ರ ಸಪ್ಪೆ. ದಿನಕ್ಕೆ 30 ಪದ, ಎದುರಿಗೆ ಕನ್ನಡ ಅರ್ಥ, ಬಾಯಿಪಾಠ. ಪ್ಯಾಸೇಜಿನ 'ಡಿಕ್ಲೈನ್' ಪ್ರಶ್ನೆಯಲ್ಲಿ 'ಫಾಲ್' ಆಗಿ ಬಂದರೆ ಈ ಪಟ್ಟಿ ಕೈಕೊಡುತ್ತದೆ. ಸೇರುವವರು ತಪ್ಪಾದ ಪ್ರಶ್ನೆಗಳಿಂದಲೇ 8-10 ಪದ ಆರಿಸಿ, ಅದೇ ವಾಕ್ಯದ ಜೊತೆ ಸಮಾನಾರ್ಥ ಪದವನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಮರುದಿನ, 3ನೇ ದಿನ, 7ನೇ ದಿನ ಅರ್ಥ ಮುಚ್ಚಿಟ್ಟು ನೆನಪಿಸಿಕೊಳ್ಳಿ.